ಕ್ಲಸ್ಟರ್ ಇದ್ದರೂ ಬ್ಯಾಕಪ್ ಏಕೆ: ಮಿಂಚಂಚೆ ಸರ್ವರ್‌ಗಳ ದತ್ತಾಂಶ ರಕ್ಷಣೆ

2012ರ ಅಕ್ಟೋಬರ್ 29ರ ಸೋಮವಾರ ರಾತ್ರಿ ಸ್ಯಾಂಡಿ ಚಂಡಮಾರುತವು ಈಸ್ಟ್ ನದಿಯ ನೀರನ್ನು ಮ್ಯಾನ್‌ಹಟನ್ನಿನ ತಗ್ಗು ಪ್ರದೇಶಗಳಿಗೆ ನುಗ್ಗಿಸಿದಾಗ, ಬೆಲ್‌ವ್ಯೂ ಆಸ್ಪತ್ರೆಯ ತುರ್ತು ಜನರೇಟರುಗಳು ಹದಿಮೂರನೆಯ ಮಹಡಿಯಲ್ಲಿ ಸುರಕ್ಷಿತವಾಗಿದ್ದವು. ಅವುಗಳಿಗೆ ಇಂಧನವನ್ನು ಮೇಲೇರಿಸುವ ಪಂಪುಗಳು ಮಾತ್ರ ನೆಲಮಾಳಿಗೆಯಲ್ಲಿದ್ದವು. ನೆಲಮಾಳಿಗೆ ಮುಳುಗಿತು. ನ್ಯಾಷನಲ್ ಗಾರ್ಡ್ ಸೈನಿಕರು ಮೆಟ್ಟಿಲುಗಳ ಮೇಲೆ ಸಾಲಾಗಿ ನಿಂತು ಡೀಸೆಲ್ಲನ್ನು ಕೈಯಿಂದ ಕೈಗೆ ದಾಟಿಸಬೇಕಾಯಿತು. ಕೆಲವೇ ಬೀದಿಗಳಾಚೆಯ ಎನ್‌ವೈಯು ಲ್ಯಾಂಗೋನ್ ಆಸ್ಪತ್ರೆಯಿಂದ ಅದೇ ರಾತ್ರಿ ಮುನ್ನೂರಕ್ಕೂ ಹೆಚ್ಚು ರೋಗಿಗಳನ್ನು, ತೀವ್ರ ನಿಗಾದಲ್ಲಿದ್ದ ನವಜಾತ ಶಿಶುಗಳನ್ನೂ ಸೇರಿಸಿ, ಬೇರೆಡೆಗೆ ಸಾಗಿಸಲಾಯಿತು.

ವೈದ್ಯರ ವಲಯದಲ್ಲಿ ಈ ಕಥೆ ಎಲ್ಲರಿಗೂ ಗೊತ್ತು. ಅದೇ ರಾತ್ರಿ ಗಣಕ ಕೇಂದ್ರಗಳಲ್ಲಿ ನಡೆದದ್ದು ಅಷ್ಟಾಗಿ ಗೊತ್ತಿಲ್ಲ. 33 ವೈಟ್‌ಹಾಲ್ ಸ್ಟ್ರೀಟಿನ ಡೇಟಾಗ್ರಾಮ್ ಕೇಂದ್ರದ ನೆಲಮಾಳಿಗೆಗೆ ನೀರು ನುಗ್ಗಿ ಗಾಕರ್, ಹಫಿಂಗ್ಟನ್ ಪೋಸ್ಟ್, ಬಝ್‌ಫೀಡ್ ತಾಣಗಳು ಸ್ಥಗಿತಗೊಂಡವು. 75 ಬ್ರಾಡ್ ಸ್ಟ್ರೀಟಿನ ಪಿಯರ್ ಒನ್ ಕೇಂದ್ರದಲ್ಲಿಯೂ ಜನರೇಟರ್ ಮೇಲೆ, ಇಂಧನದ ಪಂಪು ಕೆಳಗೆ. ಅಲ್ಲಿನ ಸಿಬ್ಬಂದಿಯೂ ಗ್ರಾಹಕ ಸಂಸ್ಥೆಗಳಾದ ಸ್ಕ್ವೇರ್‌ಸ್ಪೇಸ್ ಮತ್ತು ಫಾಗ್ ಕ್ರೀಕ್‌ನವರೂ ಹದಿನೇಳು ಮಹಡಿಗಳಷ್ಟು ಮೆಟ್ಟಿಲುಗಳನ್ನು ಡೀಸೆಲ್ ಬಕೆಟ್ ಹೊತ್ತು ಹತ್ತಿದರು. ಎರಡನೆಯದೊಂದು ಇದೆ ಎಂಬ ನೆಮ್ಮದಿ ಎಲ್ಲ ಕಟ್ಟಡಗಳಲ್ಲಿಯೂ ಇತ್ತು. ಆ ಎರಡನೆಯದು ಮೊದಲನೆಯದರ ಜೊತೆ ಏನನ್ನು ಹಂಚಿಕೊಂಡಿದೆ ಎಂಬುದು ನೀರು ಬಂದ ಮೇಲೆ ತಿಳಿಯಿತು. ಮಿಂಚಂಚೆ ಸರ್ವರ್‌ಗಳ ಬ್ಯಾಕಪ್ ಕುರಿತ ಈ ಲೇಖನವೂ ಕೇಳುವುದು ಅದೇ ಪ್ರಶ್ನೆಯನ್ನು.

ನಾನು ವೃತ್ತಿಯಿಂದ ವೈದ್ಯ. ನ್ಯೂಜೆರ್ಸಿಯಲ್ಲಿ ನಾವು ಕೆಲವು ವೈದ್ಯರು ಕೂಡಿ ನಡೆಸುವ ಚಿಕಿತ್ಸಾಲಯಗಳ ಮಾಹಿತಿ ಸಮಿತಿಯಲ್ಲಿ ಬಹುಕಾಲದಿಂದ ಇದ್ದೇನೆ. ಸಭೆಗಳಲ್ಲಿ ಅತಿಯಾಗಿ ಪ್ರಶ್ನೆ ಕೇಳುವವನಿಗೆ ಇಂಥ ಹೊಣೆ ತಾನಾಗಿ ಬಂದು ಸೇರುತ್ತದೆ. ರೋಗಿಯ ಕಡತ ಬೇರೆ ತಂತ್ರಾಂಶದಲ್ಲಿರುತ್ತದೆ, ಮಿಂಚಂಚೆ ಬರಿಯ ಮಾತುಕತೆ ಎಂದು ಅನೇಕರು ಭಾವಿಸುತ್ತಾರೆ. ವಸ್ತುಸ್ಥಿತಿ ಬೇರೆ. ತಜ್ಞರ ಅಭಿಪ್ರಾಯ, ಪ್ರಯೋಗಾಲಯದ ತುರ್ತು ಸೂಚನೆ, ಔಷಧದ ಪ್ರಮಾಣವನ್ನು ಬದಲಿಸಿದ ಎರಡು ಸಾಲು, ಊರಿನಿಂದ ಬಂದ ತಾಯಿಯ ಹಳೆಯ ವರದಿಗಳನ್ನು ಮಗ ಕಳುಹಿಸಿದ ಪತ್ರ, ಇವೆಲ್ಲ ಅಂಚೆಪೆಟ್ಟಿಗೆಯಲ್ಲೇ ಇರುತ್ತವೆ. ಅವು ಕಳೆದುಹೋದರೆ ಚಿಕಿತ್ಸೆಯ ಒಂದು ಭಾಗವೇ ಕಳೆದುಹೋದಂತೆ.

ಮೊದಲು ಕ್ಲಸ್ಟರ್ ಎಂದರೇನು ಎಂಬುದನ್ನು ನೋಡೋಣ. ಒಂದೇ ಕೆಲಸವನ್ನು ನಿರ್ವಹಿಸಲು ಎರಡು ಅಥವಾ ಹೆಚ್ಚು ಸರ್ವರ್‌ಗಳನ್ನು ಜೋಡಿಸಿ, ಒಂದು ಬಿದ್ದರೆ ಇನ್ನೊಂದು ಕೂಡಲೇ ವಹಿಸಿಕೊಳ್ಳುವಂತೆ ಮಾಡಿದ ವ್ಯವಸ್ಥೆಗೆ ಈ ಹೆಸರು. ಬಳಸುವವರ ಕಣ್ಣಿಗೆ ಒಂದೇ ಹೆಸರಿನ ಸರ್ವರ್ ಕಾಣುತ್ತದೆ. ಹಿಂದೆ ಯಾವ ಯಂತ್ರ ದುಡಿಯುತ್ತಿದೆ ಎಂಬುದು ಅವರಿಗೆ ಬೇಕಿಲ್ಲ. ಹಳೆಯ ಪದ್ಧತಿಯಲ್ಲಿ ಎರಡು ಸರ್ವರ್‌ಗಳಿಗೆ ಡಿಸ್ಕ್ ಮಾತ್ರ ಒಂದೇ. ಡಿಸ್ಕ್ ಕೆಟ್ಟರೆ ಎರಡೂ ನಿರುಪಯುಕ್ತ. ಮೈಕ್ರೋಸಾಫ್ಟ್ ಎಕ್ಸ್‌ಚೇಂಜ್‌ನ 2007ರ ಆವೃತ್ತಿಯಲ್ಲಿ ಪ್ರತಿ ಸರ್ವರ್‌ಗೂ ತನ್ನದೇ ದತ್ತಾಂಶದ ಪ್ರತಿ ಇರಬಲ್ಲ ಪದ್ಧತಿ ಬಂತು. 2010ರ ಆವೃತ್ತಿಯಲ್ಲಿ ಅದು ಡೇಟಾಬೇಸ್ ಅವೈಲಬಿಲಿಟಿ ಗ್ರೂಪ್, ಬಳಕೆಯ ಮಾತಿನಲ್ಲಿ ‘ಡ್ಯಾಗ್’, ಎಂಬ ರೂಪವನ್ನು ಪಡೆಯಿತು. ಇದರಲ್ಲಿ ಹದಿನಾರು ಸರ್ವರ್‌ಗಳವರೆಗೆ ಸೇರಿಸಬಹುದು. ಸಕ್ರಿಯ ಪ್ರತಿಯಲ್ಲಿ ಆದ ಪ್ರತಿ ಬದಲಾವಣೆಯೂ ಉಳಿದ ಪ್ರತಿಗಳಿಗೆ ಸಾಮಾನ್ಯವಾಗಿ ಕ್ಷಣಗಳಲ್ಲಿ ತಲುಪುತ್ತದೆ.

ಪ್ರತಿಗಳು ಇಷ್ಟಿರುವಾಗ ಬ್ಯಾಕಪ್ ಏಕೆ ಎಂದು ನಮ್ಮ ಸಮಿತಿಯ ಲೆಕ್ಕಪತ್ರ ನೋಡುವವರು ಪ್ರತಿ ವರ್ಷವೂ ಕೇಳುತ್ತಾರೆ. ವೈದ್ಯನಾಗಿ ನನ್ನ ಉತ್ತರ ಹೀಗಿದೆ. ಮನುಷ್ಯನಿಗೆ ಮೂತ್ರಪಿಂಡಗಳು ಎರಡು. ಒಂದನ್ನು ದಾನ ಮಾಡಿಯೂ ಬದುಕಬಹುದು. ಆದರೆ ಎರಡಕ್ಕೂ ಹರಿಯುವ ರಕ್ತ ಒಂದೇ. ವಿಷ ಸೇರಿದರೆ ಎರಡೂ ಒಟ್ಟಿಗೆ ಸೋಲುತ್ತವೆ. ಕ್ಲಸ್ಟರಿನ ಪ್ರತಿಗಳೂ ಹಾಗೆಯೇ. ಯಂತ್ರ ಕೆಟ್ಟರೆ ಅವು ಕಾಪಾಡುತ್ತವೆ. ಯಾರೋ ಒಂದು ಅಂಚೆಪೆಟ್ಟಿಗೆಯನ್ನು ಅಳಿಸಿದರೆ, ತಂತ್ರಾಂಶದ ದೋಷವೊಂದು ಪತ್ರಗಳನ್ನು ಕೆಡಿಸಿದರೆ, ಒಳನುಗ್ಗಿದವನು ಎಲ್ಲವನ್ನೂ ಗೂಢಲಿಪಿಗೆ ತಿರುಗಿಸಿದರೆ, ಆ ಹಾನಿಯನ್ನೂ ಅದೇ ವೇಗದಲ್ಲಿ ಎಲ್ಲ ಪ್ರತಿಗಳಿಗೆ ನಿಷ್ಠೆಯಿಂದ ತಲುಪಿಸುತ್ತವೆ. ನಮ್ಮ ರೈತರು ಊಟದ ಕಾಳನ್ನು ಕಣಜಕ್ಕೆ ತುಂಬಿ, ಬಿತ್ತನೆಯ ಬೀಜವನ್ನು ಬೂದಿ ಬೆರೆಸಿ ಬೇರೆಡೆ ಇಡುತ್ತಿದ್ದುದು ಇಂಥದೇ ತಿಳಿವಳಿಕೆಯಿಂದ. ಕಣಜ ಎಷ್ಟೇ ದೊಡ್ಡದಾದರೂ ಅದಕ್ಕೆ ಹುಳು ಬಿದ್ದರೆ ಮುಂದಿನ ಮುಂಗಾರಿಗೆ ಬೀಜ ಉಳಿಯಬೇಕಲ್ಲ.

ಇದು ಸಣ್ಣ ಸಂಸ್ಥೆಗಳ ಭಯವಷ್ಟೇ ಅಲ್ಲ. 2011ರ ಫೆಬ್ರವರಿ ಕೊನೆಯಲ್ಲಿ ಜಿಮೇಲ್ ಬಳಸುವ ಕೆಲವರು ತಮ್ಮ ಅಂಚೆಪೆಟ್ಟಿಗೆ ಬರಿದಾಗಿರುವುದನ್ನು ಕಂಡರು. ಗೂಗಲ್ ಹೇಳಿದಂತೆ ಅವರು ಒಟ್ಟು ಬಳಕೆದಾರರಲ್ಲಿ ಶೇಕಡಾ 0.02ರಷ್ಟು. ಕಾರಣ, ಶೇಖರಣಾ ತಂತ್ರಾಂಶದ ಹೊಸ ಆವೃತ್ತಿಯಲ್ಲಿದ್ದ ದೋಷ. ಪತ್ರಗಳ ಅನೇಕ ಪ್ರತಿಗಳು ಬೇರೆ ಬೇರೆ ದತ್ತಾಂಶ ಕೇಂದ್ರಗಳಲ್ಲಿದ್ದವು. ದೋಷ ಅವೆಲ್ಲವನ್ನೂ ಮುಟ್ಟಿತ್ತು. ಕೊನೆಗೆ ಪತ್ರಗಳು ಮರಳಿ ಬಂದದ್ದು ಜಾಲದಿಂದ ಹೊರಗೆ ಇಟ್ಟಿದ್ದ ಟೇಪ್‌ಗಳಿಂದ. ಟೇಪ್ ಎಂದರೆ ಹಳೆಯ ಕಾಲದ್ದು ಎಂದು ಮೂಗು ಮುರಿಯುವವರಿಗೆ ನಾನು ಈ ಪ್ರಸಂಗವನ್ನು ತಪ್ಪದೆ ಹೇಳುತ್ತೇನೆ.

ಇನ್ನು ಬ್ಯಾಕಪ್ ತಂತ್ರಾಂಶ ಏನು ಮಾಡುತ್ತದೆ ಎಂಬುದು. ಇದಕ್ಕೆ ಅಂಚೆಯ ದತ್ತಾಂಶ ಡಿಸ್ಕಿನ ಮೇಲೆ ಹೇಗೆ ಕುಳಿತಿರುತ್ತದೆ ಎಂಬುದನ್ನು ಅರಿಯಬೇಕು. ಎಕ್ಸ್‌ಚೇಂಜ್‌ನಲ್ಲಿ ನೂರಾರು ಜನರ ಪತ್ರಗಳು ಒಂದು ದೊಡ್ಡ ಡೇಟಾಬೇಸ್ ಕಡತದಲ್ಲಿರುತ್ತವೆ. ಯಾವುದೇ ಬದಲಾವಣೆ ಮೊದಲು ಲಾಗ್ ಎಂಬ ಚಿಕ್ಕ ಕಡತಗಳಲ್ಲಿ ದಾಖಲಾಗಿ, ಆಮೇಲೆ ಡೇಟಾಬೇಸಿಗೆ ಇಳಿಯುತ್ತದೆ. 2007ರ ಆವೃತ್ತಿಯಿಂದ ಈಚೆಗೆ ಒಂದೊಂದು ಲಾಗ್ ಕಡತದ ಗಾತ್ರ 1 ಎಂಬಿ. ಅದಕ್ಕೆ ಮುಂಚೆ 5 ಎಂಬಿ ಇತ್ತು. ಅಂಗಡಿಯವರು ದಿನದ ವ್ಯವಹಾರವನ್ನು ಚಿಟ್ಟಾದಲ್ಲಿ ಗುರುತಿಸಿ, ಸಂಜೆ ಖಾತೆ ಪುಸ್ತಕಕ್ಕೆ ಏರಿಸುವುದನ್ನು ನೆನೆದರೆ ಇದು ಸುಲಭವಾಗಿ ಅರ್ಥವಾಗುತ್ತದೆ. ಭಾನುವಾರದ ಖಾತೆ ಪುಸ್ತಕದ ಒಂದು ಪ್ರತಿಯೂ ಅಲ್ಲಿಂದ ಈಚಿನ ಚಿಟ್ಟಾಗಳೂ ಉಳಿದಿದ್ದರೆ ಬುಧವಾರ ಮಧ್ಯಾಹ್ನದವರೆಗಿನ ಲೆಕ್ಕವನ್ನು ಮತ್ತೆ ಕಟ್ಟಬಹುದು. ನಡುವೆ ಒಂದು ಚಿಟ್ಟಾ ಕಳೆದರೆ ಅಲ್ಲಿಗೆ ಲೆಕ್ಕ ನಿಲ್ಲುತ್ತದೆ.

ಡೇಟಾಬೇಸ್ ಸದಾ ಚಲನೆಯಲ್ಲಿರುವುದರಿಂದ ಅದನ್ನು ಸಾಮಾನ್ಯ ಕಡತದಂತೆ ನಕಲು ಮಾಡಿದರೆ ಅರ್ಧ ಹಳತು, ಅರ್ಧ ಹೊಸತಾದ ಪ್ರತಿ ದೊರೆಯುತ್ತದೆ. ಆದ್ದರಿಂದ ಬ್ಯಾಕಪ್ ತಂತ್ರಾಂಶವು ವಿಂಡೋಸ್‌ನ ಶ್ಯಾಡೋ ಕಾಪಿ ಸೇವೆಯ ಮೂಲಕ ಎಕ್ಸ್‌ಚೇಂಜ್‌ಗೆ ಹೇಳಿ ಕಳುಹಿಸುತ್ತದೆ. ಮದುವೆಮನೆಯ ಛಾಯಾಗ್ರಾಹಕ ‘ಅಲುಗಾಡಬೇಡಿ’ ಎಂದಂತೆ, ಬರವಣಿಗೆ ಕೆಲವು ಕ್ಷಣ ನಿಲ್ಲುತ್ತದೆ, ಚಿತ್ರ ತೆಗೆಯಲಾಗುತ್ತದೆ, ಕೆಲಸ ಮುಂದುವರಿಯುತ್ತದೆ. ನಕಲು ನಡೆಯುವುದು ಆ ಚಿತ್ರದಿಂದ. ನಕಲು ಸರಿಯಾಗಿದೆ ಎಂದು ಪರೀಕ್ಷಿಸಿದ ಮೇಲೆ ತಂತ್ರಾಂಶವು ಎಕ್ಸ್‌ಚೇಂಜ್‌ಗೆ ಮುಗಿಯಿತೆಂದು ತಿಳಿಸುತ್ತದೆ. ಆಗ ಎಕ್ಸ್‌ಚೇಂಜ್ ಇನ್ನು ಬೇಡವಾದ ಹಳೆಯ ಲಾಗ್‌ಗಳನ್ನು ತೆಗೆದುಹಾಕುತ್ತದೆ.

ಈ ಕೊನೆಯ ಹೆಜ್ಜೆಯನ್ನು ಲಘುವಾಗಿ ಕಾಣಬಾರದು. ಬ್ಯಾಕಪ್ ನಿಂತರೆ ಲಾಗ್‌ಗಳು ಬೆಳೆಯುತ್ತಲೇ ಹೋಗುತ್ತವೆ. ದಿನಕ್ಕೆ 20,000 ಲಾಗ್ ಹುಟ್ಟುವ ಕಚೇರಿಯಲ್ಲಿ 200 ಜಿಬಿ ಡಿಸ್ಕ್ ಹತ್ತು ದಿನಗಳಲ್ಲಿ ತುಂಬಿ ಅಂಚೆಯೇ ನಿಂತುಬಿಡುತ್ತದೆ. ಕ್ಲಸ್ಟರಿನಲ್ಲಿ ಇನ್ನೊಂದು ತೊಡಕಿದೆ: ಎಲ್ಲ ಪ್ರತಿಗಳೂ ಒಂದು ಲಾಗನ್ನು ಪಡೆದು ಪರಿಶೀಲಿಸುವವರೆಗೆ ಅದು ಎಲ್ಲಿಯೂ ಅಳಿಯುವುದಿಲ್ಲ. ದೂರದ ಒಂದು ಸರ್ವರ್ ಸದ್ದಿಲ್ಲದೆ ಮಲಗಿದ್ದರೆ, ಬ್ಯಾಕಪ್ ಪ್ರತಿ ರಾತ್ರಿ ಯಶಸ್ವಿಯಾದರೂ ಇಲ್ಲಿನ ಡಿಸ್ಕ್ ತುಂಬುತ್ತದೆ. ಕಾರಣವನ್ನು ಬ್ಯಾಕಪ್ ತಂತ್ರಾಂಶದಲ್ಲಿ ಹುಡುಕುತ್ತ ಕುಳಿತವರಿಗೆ ಅದು ಸಿಗುವುದಿಲ್ಲ. ಆಗ ಸರ್ಕ್ಯುಲರ್ ಲಾಗಿಂಗ್ ಎಂಬ ಸೌಲಭ್ಯವನ್ನು ಹಚ್ಚಿ ಜಾಗ ಉಳಿಸುವ ಆಸೆ ಹುಟ್ಟುತ್ತದೆ. ಅದನ್ನು ಹಚ್ಚಿದರೆ ಹಳೆಯ ಲಾಗ್‌ಗಳ ಸರಣಿ ಉಳಿಯುವುದಿಲ್ಲ. ದಿನದಿನದ ಬದಲಾವಣೆಗಳನ್ನಷ್ಟೇ ಉಳಿಸುವ ಬ್ಯಾಕಪ್‌ಗೆ ಅವಕಾಶವೂ ಇರುವುದಿಲ್ಲ.

ತಂತ್ರಾಂಶವನ್ನು ಸ್ಥಾಪಿಸುವಾಗ ಗಮನಿಸಬೇಕಾದ ಮೊದಲ ಸಂಗತಿ, ಅದರ ಏಜೆಂಟ್ ಕ್ಲಸ್ಟರಿನ ಪ್ರತಿಯೊಂದು ಸರ್ವರಿನಲ್ಲಿಯೂ, ಒಂದೇ ಆವೃತ್ತಿಯಲ್ಲಿ, ಇರಬೇಕು. ಬ್ಯಾಕಪ್‌ನ ಗುರಿಯಾಗಿ ನಿರ್ದಿಷ್ಟ ಯಂತ್ರವೊಂದರ ಹೆಸರನ್ನು ಕೊಡದೆ ಇಡೀ ಗುಂಪಿನ ಹೆಸರನ್ನು ಕೊಡಬೇಕು. ನಾನು ಬಲ್ಲ ಒಂದು ಚಿಕಿತ್ಸಾಲಯದಲ್ಲಿ ಹೊರಗಿನ ಗುತ್ತಿಗೆದಾರರು ಮೊದಲ ಸರ್ವರಿಗೆ ಮಾತ್ರ ಏಜೆಂಟ್ ಹಾಕಿ, ಅದರ ಹೆಸರಿಗೇ ಕೆಲಸವನ್ನು ಕಟ್ಟಿದ್ದರು. ಒಂದು ದಿನ ನಿರ್ವಹಣೆಗಾಗಿ ಡೇಟಾಬೇಸನ್ನು ಎರಡನೆಯದಕ್ಕೆ ಸರಿಸಿ ಅಲ್ಲಿಯೇ ಬಿಟ್ಟರು. ಅಂದಿನಿಂದ ಪ್ರತಿ ರಾತ್ರಿ ಮೊದಲ ಸರ್ವರಿನ ಕಾರ್ಯವ್ಯವಸ್ಥೆಯ ಕಡತಗಳಷ್ಟೇ ನಕಲಾಗುತ್ತಿದ್ದವು. ಪರದೆಯ ಮೇಲೆ ಹಸಿರು ಗುರುತು ಬೆಳಗುತ್ತಲೇ ಇತ್ತು. ಅದು ಬಯಲಾದದ್ದು ನಿವೃತ್ತರಾದ ವೈದ್ಯರೊಬ್ಬರ ಹಳೆಯ ಪತ್ರಗಳನ್ನು ವಕೀಲರು ಕೇಳಿದಾಗ. ಹಸಿರು ಗುರುತಿನ ಜೊತೆಗೆ ನಕಲಾದ ದತ್ತಾಂಶದ ಗಾತ್ರವನ್ನೂ ನೋಡುತ್ತಿದ್ದರೆ ಮೊದಲ ಬೆಳಿಗ್ಗೆಯೇ ತಿಳಿಯುತ್ತಿತ್ತು. ಜ್ವರ ಇಳಿದಿದೆ ಎಂದು ದಾದಿ ಬರೆದಿದ್ದರೂ ನಾವು ರೋಗಿಯ ಹಣೆ ಮುಟ್ಟಿ ನೋಡುವುದಿಲ್ಲವೇ?

ಎರಡನೆಯದಾಗಿ, ಸಾಧ್ಯವಿದ್ದರೆ ನಿಷ್ಕ್ರಿಯ ಪ್ರತಿಯಿಂದ ಬ್ಯಾಕಪ್ ತೆಗೆಯುವಂತೆ ಸೂಚಿಸಬೇಕು. ಸಕ್ರಿಯ ಸರ್ವರ್ ಬಳಕೆದಾರರ ಸೇವೆಯಲ್ಲಿರಲಿ. ನಕಲಿನ ಭಾರ ಇನ್ನೊಂದರ ಮೇಲೆ ಬೀಳಲಿ. ನಿಷ್ಕ್ರಿಯ ಪ್ರತಿ ಸಿಗದಿದ್ದಾಗ ಸಕ್ರಿಯ ಪ್ರತಿಯಿಂದಲಾದರೂ ತೆಗೆಯುವ ಆಯ್ಕೆಯನ್ನು ತೆರೆದಿಡಬೇಕು. ವಾರಕ್ಕೊಂದು ಪೂರ್ಣ ಬ್ಯಾಕಪ್, ಉಳಿದ ರಾತ್ರಿಗಳಲ್ಲಿ ಬದಲಾವಣೆಗಳದ್ದು ಎಂಬ ಕ್ರಮ ಹೆಚ್ಚಿನ ಕಚೇರಿಗಳಿಗೆ ಸಾಕು. ಎರಡು ಬೇರೆ ಕಂಪನಿಗಳ ಬ್ಯಾಕಪ್ ತಂತ್ರಾಂಶಗಳನ್ನು ಒಂದೇ ಡೇಟಾಬೇಸಿನ ಮೇಲೆ ಓಡಿಸುವುದು ಇಮ್ಮಡಿ ರಕ್ಷಣೆಯಂತೆ ತೋರುತ್ತದೆ. ವಾಸ್ತವದಲ್ಲಿ ಒಂದು ಲಾಗ್‌ಗಳನ್ನು ಅಳಿಸಿದರೆ ಇನ್ನೊಂದರ ಸರಣಿ ತುಂಡಾಗುತ್ತದೆ. ಇಬ್ಬರು ವೈದ್ಯರು ಪರಸ್ಪರ ತಿಳಿಸದೆ ಒಂದೇ ರೋಗಕ್ಕೆ ಔಷಧ ಬರೆದಂತೆ.

ಈಗ ಅನೇಕ ಸರ್ವರ್‌ಗಳು ವಿಎಂವೇರ್ ಅಥವಾ ಹೈಪರ್-ವಿ ಮೇಲಿನ ವರ್ಚುವಲ್ ಯಂತ್ರಗಳು. ಇಡೀ ಯಂತ್ರದ ಚಿತ್ರವನ್ನೇ ತೆಗೆಯುವ ತಂತ್ರಾಂಶಗಳು ಬಹಳ ಅನುಕೂಲಕರ. ಆದರೆ ಚಿತ್ರ ತೆಗೆಯುವ ಕ್ಷಣದಲ್ಲಿ ಯಂತ್ರ ಸ್ವಲ್ಪ ಹೊತ್ತು ಸ್ತಬ್ಧವಾಗುತ್ತದೆ. ಜೊತೆಗಾರ ಸರ್ವರ್‌ಗಳು ಇದರ ನಾಡಿಮಿಡಿತವನ್ನು ನಿರಂತರವಾಗಿ ಆಲಿಸುತ್ತಿರುವುದರಿಂದ, ಮಿಡಿತ ತಪ್ಪಿದರೆ ಇದು ಸತ್ತಿತೆಂದು ಬಗೆದು ಕೆಲಸವನ್ನು ತಾವೇ ವಹಿಸಿಕೊಳ್ಳುತ್ತವೆ. ಪ್ರತಿ ರಾತ್ರಿ ಬ್ಯಾಕಪ್ ವೇಳೆಗೆ ಸರಿಯಾಗಿ ಡೇಟಾಬೇಸ್ ಒಂದೆಡೆಯಿಂದ ಇನ್ನೊಂದೆಡೆಗೆ ಜಿಗಿಯುತ್ತಿದ್ದರೆ ಮೊದಲು ಶಂಕಿಸಬೇಕಾದದ್ದು ಇದನ್ನೇ. ಕ್ಲಸ್ಟರ್ ಎಷ್ಟು ಮಿಡಿತಗಳವರೆಗೆ ಕಾಯಬೇಕು ಎಂಬ ಮಿತಿಯನ್ನು ತುಸು ಹೆಚ್ಚಿಸುವುದು ಪರಿಹಾರ.

ಡವ್‌ಕಾಟ್, ಪೋಸ್ಟ್‌ಫಿಕ್ಸ್‌ನಂಥ ಮುಕ್ತ ತಂತ್ರಾಂಶಗಳಲ್ಲಿ ‘ಮೇಲ್‌ಡಿರ್’ ಪದ್ಧತಿಯಿದ್ದರೆ ಪ್ರತಿ ಪತ್ರವೂ ಒಂದು ಬಿಡಿ ಕಡತ. ನಕಲು ಸುಲಭ, ಒಂದೇ ಪತ್ರವನ್ನು ಮರಳಿ ತರುವುದು ಇನ್ನೂ ಸುಲಭ. ಡಿಸ್ಕನ್ನು ಡಿಸ್ಕಿಗೆ ಸದಾ ಪ್ರತಿಬಿಂಬಿಸುವ ಡಿಆರ್‌ಬಿಡಿಯನ್ನು ಜೊತೆಗಿಟ್ಟುಕೊಂಡವರು ಮಾತ್ರ ಅದನ್ನೇ ಬ್ಯಾಕಪ್ ಎಂದು ತಿಳಿಯಬಾರದು. ಈ ಕಡೆ ಅಳಿದದ್ದು ಆ ಕಡೆಯೂ ಅಳಿಯುತ್ತದೆ.

ಮೂರು ಅಥವಾ ಹೆಚ್ಚು ಪ್ರತಿಗಳೂ, ಅದರೊಡನೆ ಲಾಗ್‌ಗಳನ್ನು ಹದಿನಾಲ್ಕು ದಿನಗಳವರೆಗೆ ತಡೆಹಿಡಿದು ತಡವಾಗಿ ಅನ್ವಯಿಸುವ ಒಂದು ಪ್ರತಿಯೂ ಇದ್ದರೆ, ಸಾಂಪ್ರದಾಯಿಕ ಬ್ಯಾಕಪ್ ಇಲ್ಲದೆಯೂ ನಡೆಯಬಹುದು ಎಂಬುದು ಮೈಕ್ರೋಸಾಫ್ಟಿನದೇ ವಾದ. ಸಾವಿರಾರು ಸರ್ವರ್‌ಗಳನ್ನು ಕಾಯುವ ಸಿಬ್ಬಂದಿಯುಳ್ಳ ಸಂಸ್ಥೆಗೆ ಈ ವಾದ ಒಪ್ಪಬಹುದು. ಎರಡು ಸರ್ವರ್ ಮತ್ತು ಒಬ್ಬ ಅರೆಕಾಲಿಕ ನಿರ್ವಾಹಕರಿರುವ ಚಿಕಿತ್ಸಾಲಯಕ್ಕೆ ಒಪ್ಪುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ತಡವಾಗಿ ನಡೆಯುವ ಪ್ರತಿಯೂ ಅದೇ ಗುಂಪಿನ ಸದಸ್ಯ, ಅದೇ ಆಡಳಿತದ ಗುಪ್ತಪದಕ್ಕೆ ಅಧೀನ. ಆ ಗುಪ್ತಪದ ಕಳ್ಳನ ಕೈಸೇರಿದರೆ ಹದಿನಾಲ್ಕು ದಿನಗಳ ಮುನ್ನೆಚ್ಚರಿಕೆ ಹದಿನಾಲ್ಕು ನಿಮಿಷಗಳಲ್ಲಿ ಕರಗುತ್ತದೆ.

ಹಣ ಕೀಳುವ ರ‍್ಯಾನ್ಸಮ್‌ವೇರ್ ದಾಳಿಕೋರರು ಒಳಹೊಕ್ಕೊಡನೆ ಮೊದಲು ಹುಡುಕುವುದು ಬ್ಯಾಕಪ್ಪನ್ನು. ಅದು ಅಳಿದರೆ ತಾನೆ ಹಣ ಸಿಗುವುದು! ಆದ್ದರಿಂದ ಬ್ಯಾಕಪ್ ಸರ್ವರನ್ನು ಅಂಚೆಯ ಸರ್ವರ್‌ಗಳಿರುವ ವಿಂಡೋಸ್ ಡೊಮೇನಿನಿಂದ ಹೊರಗಿಡುವುದು, ಅದಕ್ಕೆ ಪ್ರತ್ಯೇಕ ಗುಪ್ತಪದ ಮತ್ತು ಎರಡನೆಯ ಹಂತದ ದೃಢೀಕರಣ ಇಡುವುದು, ಒಂದು ಪ್ರತಿಯನ್ನು ನಿಗದಿತ ಅವಧಿಯವರೆಗೆ ಯಾರೂ, ನಿರ್ವಾಹಕರೂ ಸಹ, ಅಳಿಸಲಾಗದಂತೆ ಇಡುವುದು ಅಗತ್ಯ. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಸ್ಥಳದಲ್ಲಿ ಎಂಬ ಪ್ರಸಿದ್ಧ ಸೂತ್ರವನ್ನು ಜನಪ್ರಿಯಗೊಳಿಸಿದವರು ಪೀಟರ್ ಕ್ರೋಗ್ ಎಂಬ ಛಾಯಾಗ್ರಾಹಕರು; ಗಣಕ ವಿಜ್ಞಾನಿಗಳಲ್ಲ. ಕಳೆದುಕೊಂಡರೆ ಮತ್ತೆ ತೆಗೆಯಲಾಗದ ಚಿತ್ರಗಳ ಬೆಲೆ ಅವರಿಗೆ ತಿಳಿದಿತ್ತು.

‘ಬೇರೆ ಸ್ಥಳ’ ಎಂದರೆ ಎಷ್ಟು ದೂರ ಎಂಬುದಕ್ಕೆ ನಮ್ಮ ಪ್ರದೇಶದಲ್ಲಿ ಕಹಿಯಾದ ಉತ್ತರಗಳಿವೆ. 2001ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕ್ ನಗರದ ತುರ್ತು ನಿರ್ವಹಣಾ ಕೇಂದ್ರವಿದ್ದುದು 7 ವರ್ಲ್ಡ್ ಟ್ರೇಡ್ ಸೆಂಟರಿನ 23ನೆಯ ಮಹಡಿಯಲ್ಲಿ. ಆ ಕಟ್ಟಡವೂ ಅಂದೇ ಸಂಜೆ ಕುಸಿಯಿತು. ಉತ್ತರ ಗೋಪುರದಲ್ಲಿದ್ದ ಕ್ಯಾಂಟರ್ ಫಿಟ್ಜ್‌ಜೆರಾಲ್ಡ್ ಸಂಸ್ಥೆ 658 ಮಂದಿಯನ್ನು ಕಳೆದುಕೊಂಡಿತು. ಅವರ ಜಾಗವನ್ನು ಯಾವ ತಂತ್ರಾಂಶವೂ ತುಂಬಲಾರದು. ಆದರೂ ಹಡ್ಸನ್ ನದಿಯಾಚೆ, ನ್ಯೂಜೆರ್ಸಿಯ ರೋಶೆಲ್ ಪಾರ್ಕಿನಲ್ಲಿದ್ದ ಅವರ ಎರಡನೆಯ ಗಣಕ ಕೇಂದ್ರದ ಬಲದಿಂದ, ಎರಡೇ ದಿನಗಳಲ್ಲಿ ಬಾಂಡ್ ಮಾರುಕಟ್ಟೆ ತೆರೆದಾಗ ಉಳಿದ ಸಿಬ್ಬಂದಿ ವಹಿವಾಟು ನಡೆಸಲು ಸಾಧ್ಯವಾಯಿತು. ಹನ್ನೊಂದು ವರ್ಷಗಳ ತರುವಾಯ ಬಂದ ಸ್ಯಾಂಡಿ ನದಿಯ ಎರಡೂ ದಡಗಳನ್ನು ಒಂದೇ ರಾತ್ರಿ ಹೊಡೆಯಿತು. ಹೊಬೋಕನ್ ಮತ್ತು ಜರ್ಸಿ ಸಿಟಿಯ ಬೀದಿಗಳೂ ಮುಳುಗಿದವು. ಒಂದು ಆಪತ್ತಿಗೆ ಸಾಕಾದ ದೂರ ಮತ್ತೊಂದಕ್ಕೆ ಸಾಲದು. ನಮ್ಮ ಸಮಿತಿ ಒಂದು ಪ್ರತಿಯನ್ನು ಕರಾವಳಿಯಿಂದ ಬಹುದೂರದ ಒಳನಾಡಿನಲ್ಲಿಡಲು ತೀರ್ಮಾನಿಸಿದ್ದು ಈ ಕಾರಣದಿಂದ.

ಕಾನೂನಿನ ಮಾತು ಚಿಕ್ಕದು. ಆರೋಗ್ಯ ಮಾಹಿತಿಯನ್ನು ಕಾಯುವ ‘ಹಿಪಾ’ ಕಾಯಿದೆಯ ಭದ್ರತಾ ನಿಯಮ 2003ರಲ್ಲಿ ಪ್ರಕಟವಾಯಿತು. ದತ್ತಾಂಶದ ಬ್ಯಾಕಪ್ ಯೋಜನೆ, ವಿಪತ್ತಿನ ನಂತರದ ಪುನಃಸ್ಥಾಪನೆಯ ಯೋಜನೆ, ತುರ್ತು ಸ್ಥಿತಿಯಲ್ಲಿ ಕೆಲಸ ನಡೆಸುವ ಯೋಜನೆ, ಈ ಮೂರನ್ನೂ ಅದು ಕಡ್ಡಾಯ ಮಾಡುತ್ತದೆ. ನ್ಯೂಜೆರ್ಸಿಯಲ್ಲಿ ವೈದ್ಯರು ರೋಗಿಯ ದಾಖಲೆಯನ್ನು ಕೊನೆಯ ನಮೂದಿನಿಂದ ಏಳು ವರ್ಷ ಕಾಯ್ದಿಡಬೇಕು. ಬ್ಯಾಕಪ್ ಪ್ರತಿಗಳು ಗೂಢಲಿಪಿಯಲ್ಲಿರಲಿ. ಅದರ ಕೀಲಿ ಮಾತ್ರ ಅದೇ ಬ್ಯಾಕಪ್ಪಿನೊಳಗೆ ಅಥವಾ ಅದೇ ಮಿಂಚಂಚೆಯ ಪೆಟ್ಟಿಗೆಯಲ್ಲಿ ಇರದಿರಲಿ. ಇದು ಹಾಸ್ಯದಂತೆ ಕಾಣಬಹುದು, ಆದರೆ ಹಾಗೆ ಇಟ್ಟವರಿದ್ದಾರೆ.

ಉಳಿದದ್ದು ಮರುಸ್ಥಾಪನೆ, ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು. ‘ನಿನ್ನೆ ಅಳಿಸಿದ ಪತ್ರ ಬೇಕು’ ಎಂಬ ಸಾಮಾನ್ಯ ಬೇಡಿಕೆಗೆ ಬ್ಯಾಕಪ್ಪೇ ಬೇಕಿಲ್ಲ. ಎಕ್ಸ್‌ಚೇಂಜ್ ಅಳಿಸಿದ ಪತ್ರಗಳನ್ನು ರೂಢಿಯಂತೆ 14 ದಿನ, ಅಳಿಸಿದ ಅಂಚೆಪೆಟ್ಟಿಗೆಯನ್ನು 30 ದಿನ ಇಟ್ಟುಕೊಂಡಿರುತ್ತದೆ. ಅದಕ್ಕೂ ಹಳೆಯದಾದರೆ ಬ್ಯಾಕಪ್ಪನ್ನು ‘ರಿಕವರಿ ಡೇಟಾಬೇಸ್’ ಎಂಬ ಪ್ರತ್ಯೇಕ ಜಾಗಕ್ಕೆ ಇಳಿಸಿ, ಬೇಕಾದ ಪತ್ರಗಳನ್ನಷ್ಟೇ ಆರಿಸಬಹುದು. ಜೀವಂತ ಡೇಟಾಬೇಸನ್ನು ಮುಟ್ಟಬೇಕಿಲ್ಲ. ಇಡೀ ಸರ್ವರ್ ಹೋದಾಗ ಬೇಕಾಗುವುದು ಪತ್ರಗಳಷ್ಟೇ ಅಲ್ಲ. ಎಕ್ಸ್‌ಚೇಂಜಿನ ಬಹುಪಾಲು ಸಂರಚನೆ ಆಕ್ಟಿವ್ ಡೈರೆಕ್ಟರಿಯಲ್ಲಿರುತ್ತದೆ. ಅದು ಉಳಿದಿದ್ದರೆ ಅದೇ ಹೆಸರಿನ ಹೊಸ ಯಂತ್ರದಲ್ಲಿ ‘ರಿಕವರ್ ಸರ್ವರ್’ ಕ್ರಮದಿಂದ ಎಕ್ಸ್‌ಚೇಂಜನ್ನು ಮತ್ತೆ ನಿಲ್ಲಿಸಬಹುದು. ಅದು ಉಳಿಯದಿದ್ದರೆ ಪತ್ರಗಳ ಬ್ಯಾಕಪ್ ಇದ್ದೂ ಅವನ್ನು ಇಳಿಸಲು ಮನೆಯೇ ಇರುವುದಿಲ್ಲ. ಆದ್ದರಿಂದ ಡೈರೆಕ್ಟರಿಯ ಬ್ಯಾಕಪ್ಪನ್ನು ಅಂಚೆಯ ಬ್ಯಾಕಪ್ಪಿನ ಅಂಗವೆಂದೇ ಗಣಿಸಬೇಕು. ಸರ್ವರಿನ ಸುರಕ್ಷಾ ಪ್ರಮಾಣಪತ್ರಗಳೂ ಅವುಗಳ ಖಾಸಗಿ ಕೀಲಿಗಳೂ ಇದಕ್ಕೆ ಸೇರಬೇಕು.

ಸಮಯದ ಲೆಕ್ಕವನ್ನು ಮೊದಲೇ ಹಾಕಿಡಬೇಕು. 600 ಜಿಬಿಯ ಡೇಟಾಬೇಸನ್ನು ಕಚೇರಿಯೊಳಗಿನ ಜಾಲದಲ್ಲಿ ಸೆಕೆಂಡಿಗೆ 100 ಎಂಬಿ ವೇಗದಲ್ಲಿ ಇಳಿಸಲು ಸುಮಾರು ಒಂದು ಗಂಟೆ ನಲವತ್ತು ನಿಮಿಷ. ಅದನ್ನೇ ದೂರದ ಊರಿನಿಂದ 100 ಮೆಗಾಬಿಟ್‌ನ ಅಂತರ್ಜಾಲ ಸಂಪರ್ಕದಲ್ಲಿ ತರಲು ಹದಿಮೂರು ಗಂಟೆಗೂ ಹೆಚ್ಚು, ಅದೂ ಸಂಪರ್ಕ ಬೇರೆ ಯಾವ ಕೆಲಸವನ್ನೂ ಮಾಡದಿದ್ದರೆ. ಬೆಳಿಗ್ಗೆ ಎಂಟಕ್ಕೆ ರೋಗಿಗಳು ಬರುವ ಚಿಕಿತ್ಸಾಲಯಕ್ಕೆ ಈ ಎರಡರ ಅಂತರ ಏನೆಂದು ವಿವರಿಸಬೇಕಿಲ್ಲ. ಹತ್ತಿರದಲ್ಲೊಂದು, ದೂರದಲ್ಲೊಂದು ಪ್ರತಿ ಬೇಕೆನ್ನುವುದು ಇದರಿಂದಲೇ.

ನಾವು ಮೂರು ತಿಂಗಳಿಗೊಮ್ಮೆ ಮರುಸ್ಥಾಪನೆಯ ಅಭ್ಯಾಸ ನಡೆಸುತ್ತೇವೆ. ಯಾವ ಪೆಟ್ಟಿಗೆ, ಯಾವ ದಿನಾಂಕ ಎಂಬುದನ್ನು ನಿರ್ವಾಹಕರು ಆರಿಸುವುದಿಲ್ಲ. ಸಮಿತಿಯ ಯಾರಾದರೊಬ್ಬರು ಅಂದು ಬೆಳಿಗ್ಗೆ ಹೇಳುತ್ತಾರೆ. ನನ್ನ ಸರದಿ ಬಂದಾಗ ನಾನು ಕನ್ನಡದಲ್ಲಿ ಹೆಸರಿಟ್ಟ ಒಂದು ಕಡತಕೋಶವನ್ನೇ ಕೇಳುತ್ತೇನೆ. ಐಮ್ಯಾಪ್ ಪದ್ಧತಿಯಲ್ಲಿ ಇಂಗ್ಲಿಷೇತರ ಹೆಸರುಗಳು ಒಂದು ವಿಶೇಷ ಸಂಕೇತದಲ್ಲಿ ಅಡಗಿರುವುದರಿಂದ, ಎಲ್ಲವೂ ಸರಿಯಾಗಿ ಬಂದಂತೆ ಕಂಡರೂ ಅವು ಅರ್ಥವಾಗದ ಅಕ್ಷರಗಳ ಸಾಲಾಗಿ ಮರಳುವ ಸಾಧ್ಯತೆಯಿದೆ. ಯೂನಿಕೋಡ್ ಪೂರ್ವದಲ್ಲಿ ಬರಹ, ನುಡಿ ಅಕ್ಷರಶೈಲಿಗಳಲ್ಲಿ ಬರೆದ ಪತ್ರಗಳನ್ನು ಇಟ್ಟುಕೊಂಡಿರುವವರು ಆ ಅಕ್ಷರಶೈಲಿಗಳ ಕಡತಗಳನ್ನೂ ಬ್ಯಾಕಪ್ಪಿಗೆ ಸೇರಿಸಬೇಕು. ನಮ್ಮ ಕನ್ನಡ ಕೂಟಗಳ ಹಳೆಯ ಪದಾಧಿಕಾರಿಗಳಿಗೆ ಈ ಮಾತನ್ನು ವಿಶೇಷವಾಗಿ ಹೇಳಬೇಕೆನಿಸುತ್ತದೆ. ಕೂಟಗಳ ಎಷ್ಟೋ ವರ್ಷಗಳ ಪತ್ರವ್ಯವಹಾರ ಯಾರದೋ ನೆಲಮಾಳಿಗೆಯ ಗಣಕದಲ್ಲಿ ಮಲಗಿದೆ.

ಅಭ್ಯಾಸದ ದಿನ ಹಿಡಿದ ಸಮಯವನ್ನು, ಎದುರಾದ ತೊಡಕನ್ನು ಒಂದು ಪುಸ್ತಕದಲ್ಲಿ ಕೈಯಿಂದ ಬರೆದಿಡುತ್ತೇವೆ. ಸರ್ವರ್‌ಗಳ ಹೆಸರು, ಏಜೆಂಟಿನ ಆವೃತ್ತಿ, ಗೂಢಲಿಪಿಯ ಕೀಲಿ ಇರುವ ಲಕೋಟೆ ಯಾರ ಬಳಿಯಿದೆ ಎಂಬುದು, ನಿರ್ವಾಹಕರ ಮತ್ತು ಬ್ಯಾಕಪ್ ಕಂಪನಿಯ ದೂರವಾಣಿ ಸಂಖ್ಯೆಗಳು, ಇಷ್ಟೂ ಅದರ ಮೊದಲ ಪುಟದಲ್ಲಿವೆ. ಅಂಚೆ ನಿಂತ ದಿನ ಅಂಚೆಯಲ್ಲಿ ಹುಡುಕಿ ಪ್ರಯೋಜನವಿಲ್ಲವಾದ್ದರಿಂದ, ಅದರ ಒಂದು ನೆರಳಚ್ಚು ಪ್ರತಿ ಪ್ರತಿಯೊಬ್ಬ ಸದಸ್ಯರ ಮನೆಯಲ್ಲಿಯೂ ಇದೆ.